ಕೊನೆಯ ಮನೆಯ ಲೈನು

ಆ ಹಟ್ಟಿಯಲ್ಲಿ ಯಾರು ಫೋನಿನಲ್ಲಿ ಮಾತಾಡಿದರೂ ಆ ಮಾತು ಮೈಲಾರಿಯ ಪಡಸಾಲೆ ದಾಟಿಯೇ ಹೋಗಬೇಕು. ಸುಮ್ಮನೆ ಜಂಬಕ್ಕೆ ಹೇಳುವುದಲ್ಲ. ಉಬ್ರಾಣಿಯಿಂದಾಚೆ, ಸುತ್ತ ಗುಡ್ಡ, ನಡುವೆ ಬಾಣಲೆಯ ತಳದಲ್ಲಿ ಕೂತಂಥ ಹಟ್ಟಿ ಅದು. ಟವರು ಇರುವುದು ಗುಡ್ಡದ ಆಚೆ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಹತ್ತಿದವನಿಗೆ ಏದುಸಿರು ಬಂದು ಮಾತೇ ಹೊರಡುವುದಿಲ್ಲ. ಡಾಂಬರು ರಸ್ತೆಯವರೆಗೆ ಬಂದಿದ್ದ ಫೈಬರ್ ಲೈನನ್ನು ಮೈಲಾರಿ ತನ್ನ ಹೆಸರಿಗೆ ಹಾಕಿಸಿಕೊಂಡು, ಒಂದು ಹಳೇ ಕಂಪ್ಯೂಟರನ್ನು ಸರ್ವರ್ ಮಾಡಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿ, ಅಲ್ಲಿಂದ ಮನೆಮನೆಗೂ ವೈರು ಎಳೆದಿದ್ದ. ಕನೆಕ್ಷನ್ ಒಂದೇ, ಉಣ್ಣುವವರು ಹಟ್ಟಿಯವರೆಲ್ಲ. ವಾಟ್ಸಾಪ್ ಅದರಲ್ಲೇ, ಕರೆ ಅದರಲ್ಲೇ, ಆಂಬುಲೆನ್ಸಿಗೆ ನೂರೆಂಟು ಒತ್ತುವುದೂ ಅದರಲ್ಲೇ.

ಅದಕ್ಕೂ ಮೊದಲು ಮೈಲಾರಿ ಕೇಬಲ್ ಟೀವಿಯವನು. ಆಗಿನಿಂದ ಅವನೇ ಹಾಕಿಕೊಂಡ ಒಂದು ಪದ್ಧತಿ ಇತ್ತು. ಹಟ್ಟಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರ ಮನೆಗೂ ಕೇಬಲ್ ಇಲ್ಲ. ಒಂದು ಮನೆಯಲ್ಲಿ ಅಳು, ಪಕ್ಕದ ಮನೆಯಲ್ಲಿ ಸಿನಿಮಾ ಹಾಡು, ಥೂ, ಅದು ಮನುಷ್ಯರ ಲಕ್ಷಣವೇ? ಹಿರಿಯರು ಬೆನ್ನು ತಟ್ಟಿದರು. "ಮೈಲಾರಿಗೆ ಸಣ್ಣ ವಯಸ್ಸಾದ್ರೂ ದೊಡ್ಡ ಬುದ್ಧಿ" ಎಂದರು. ಹೊಗಳಿಕೆ ಅನ್ನುವುದು ಬೆಲ್ಲ ಇದ್ದಹಾಗೆ, ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದು ಕಷ್ಟ. ಕೇಬಲ್ ಹೋಗಿ ನೆಟ್ ಬಂದ ಮೇಲೂ ಅವನು ಅದನ್ನೇ ನಡೆಸಿಕೊಂಡು ಬಂದ. ಟೀವಿ ನಿಂತರೆ ಹಾಡು ನಿಲ್ಲುತ್ತದೆ, ನೆಟ್ ನಿಂತರೆ ಹಟ್ಟಿಯ ಬಾಯೇ ಕಟ್ಟಿಹೋಗುತ್ತದೆ ಎಂಬ ವ್ಯತ್ಯಾಸ ಅವನಿಗೆ ಹೊಳೆಯಲಿಲ್ಲ. ಅವನಿಗೇನು, ಯಾರಿಗೂ ಹೊಳೆಯಲಿಲ್ಲ.

ಹಿಂದಿನ ವರ್ಷ ಓಬವ್ವ ಎಂಬ ಮುದುಕಿ ತೀರಿಕೊಂಡಾಗ ಅವಳ ನೆರೆಮನೆಯ ತಿಮ್ಮೇಶ್ ಬಂದು ಕೈಮುಗಿದಿದ್ದ. ಅವನ ಮಗನಿಗೆ ಅವತ್ತೇ ಆನ್‌ಲೈನ್ ಪರೀಕ್ಷೆ.

"ನಮ್ಮನೇದು ಒಂದು ಬಿಡೋ ಮಾರಾಯ. ಹುಡುಗನ ವರ್ಷ ಹೋಗ್ತೈತೆ."

"ಸಾವಿನ ಮುಂದೆ ಎಲ್ರೂ ಒಂದೇ ತಿಮ್ಮೇಶಣ್ಣ. ನಿಮಗೆ ಬಿಟ್ರೆ ಇನ್ನೊಬ್ರು ಕೇಳ್ತಾರೆ" ಎಂದುಬಿಟ್ಟಿದ್ದ ಮೈಲಾರಿ. ಹುಡುಗ ಗುಡ್ಡ ಹತ್ತಿ ಬಂಡೆಯ ಮೇಲೆ ಕೂತು ಬರೆದು ಫೇಲಾದ. ತಿಮ್ಮೇಶ್ ಅದನ್ನು ಮರೆಯುವ ಆಸಾಮಿಯಲ್ಲ.

ಈ ವರ್ಷ ಮಳೆಗಾಲದಲ್ಲಿ ಮೈಲಾರಿಯ ಮಗಳು ಅರ್ಪಿತಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗೋವಿನಕೋವಿಗೆ ಕೊಟ್ಟಿದ್ದರು, ಕುಬಸ ಮಾಡಿ ಉಡಿ ತುಂಬಿ ಕರೆತಂದಿದ್ದರು. ಎಂಟನೇ ತಿಂಗಳು ನಡೆಯುತ್ತಿತ್ತು. ಕಾಲು ಊದಿಕೊಂಡಿತ್ತು, ಬಿಪಿ ಏರಿತ್ತು. ಚನ್ನಗಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು ಮೈಲಾರಿಯನ್ನೇ ನೋಡುತ್ತ ಹೇಳಿದ್ದರು: "ನೋಡಿ, ಹೊಟ್ಟೆ ಗಟ್ಟಿಯಾಗಿ ಬಿಗಿದುಕೊಂಡರೆ, ಒಂದು ಹನಿ ರಕ್ತ ಕಂಡರೆ, ಆ ಕ್ಷಣಕ್ಕೆ ಫೋನ್ ಮಾಡಿ ಹೊರಡಬೇಕು. ನೋಡೋಣ, ತಡೀರಿ ಅಂತ ಕೂತರೆ ಮಗುವೂ ಉಳಿಯಲ್ಲ, ತಾಯಿಯೂ ಕಷ್ಟ." ಮೈಲಾರಿ ಮನೆಗೆ ಬಂದವನೇ ಮಗಳ ಫೋನಿನಲ್ಲಿ ತನ್ನ ನಂಬರನ್ನು ಎಲ್ಲಕ್ಕೂ ಮೇಲೆ ಬರುವಂತೆ ಇಟ್ಟುಕೊಟ್ಟಿದ್ದ.

ಹಾಗಿರುವಾಗ ಒಂದು ಬೆಳಿಗ್ಗೆ ಮೈಲಾರಿಯ ಅಣ್ಣ ಪಾಪಣ್ಣ ಹೋಗಿಬಿಟ್ಟ. ಫಾರೆಸ್ಟ್ ವಾಚರ್ ಆಗಿ ರಿಟೈರಾದವನು, ಗಟ್ಟಿ ಆಳು. ಹಲ್ಲುಜ್ಜುತ್ತ ನಿಂತವನು ಕುಸಿದ, ಅಷ್ಟೇ.

ಅಣ್ಣತಮ್ಮಂದಿರದು ಗೋಡೆಗೆ ಗೋಡೆ ಅಂಟಿದ ಮನೆ. ಬಸುರಿ ಹೆಣ ನೋಡಬಾರದು, ಅಳು ಕೇಳಬಾರದು. ಮೈಲಾರಿಯ ಹೆಂಡತಿ ಕರಿಬಸಮ್ಮ ಮಗಳ ತಲೆಗೆ ಸೆರಗು ಹೊದಿಸಿ, ಹಿತ್ತಲ ಬಾಗಿಲಿನಿಂದಲೇ ಅವಳನ್ನು ಕಲ್ಲಮ್ಮನ ಮನೆಗೆ ಸಾಗಿಸಿದಳು. ಕಲ್ಲಮ್ಮ ಎಂದರೆ ಮೈಲಾರಿಯ ಸೋದರತ್ತೆ, ಒಂಟಿ ಜೀವ. ಅವಳ ಮನೆ ಹಳ್ಳದ ಆಚೆ, ಹಟ್ಟಿಯಿಂದ ದೂರಕ್ಕೆ. ಮೈಲಾರಿ ಎಳೆದ ವೈರು ಮುಗಿಯುತ್ತಿದ್ದದ್ದೇ ಅಲ್ಲಿ.

"ಅತ್ತೇ, ಹುಡುಗಿನ ಬಿಟ್ಟು ಅಲ್ಲಾಡಬ್ಯಾಡ" ಎಂದಳು ಕರಿಬಸಮ್ಮ.

"ನಾ ಎಲ್ಲಿಗೆ ಹೋಗ್ಲಿ ತಾಯಿ, ನೀನು ನಡಿ" ಎಂದಳು ಕಲ್ಲಮ್ಮ.

ಬೀಗರಿಗೆ, ನೆಂಟರಿಗೆ ಫೋನುಗಳು ಹೋದವು. ಪಾಪಣ್ಣನ ಮಗ ದುರುಗೇಶ್ ತನ್ನ ಓಮ್ನಿ ತೆಗೆದುಕೊಂಡು ಜಗಳೂರಿಗೆ ಹೋದ, ಅಲ್ಲಿಗೆ ಕೊಟ್ಟಿದ್ದ ತಂಗಿಯನ್ನು ಕರೆತರಲು. ಅವಳು ಬಂದು ಅಪ್ಪನ ಮುಖ ನೋಡಿದ ಮೇಲೆಯೇ ಹೆಣ ಎತ್ತುವುದು ಎಂದಾಯಿತು. ಅಂಗಳದಲ್ಲಿ ಚಾಪೆ ಹಾಸಿ ಹೆಣ ಕೂರಿಸಿದರು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಕಟ್ಟೆಯ ಮೇಲೆ ನಾಲ್ಕೈದು ಪಡ್ಡೆ ಹುಡುಗರು ಫೋನ್ ನೋಡುತ್ತ ಕೂತಿದ್ದರು, ಅದರಲ್ಲೊಂದು ಫೋನು ಇದ್ದಕ್ಕಿದ್ದಂತೆ ಕುಣಿತದ ಹಾಡು ಹೊಡೆಯಿತು. ಒಬ್ಬ ಕಿಸಕ್ಕನೆ ನಕ್ಕ.

ತಿಮ್ಮೇಶ್ ಅಷ್ಟು ಜನರ ನಡುವೆ ಎದ್ದು ನಿಂತ.

"ಏನೋ ಮೈಲಾರಿ, ನಮ್ಮ ಓಬವ್ವ ಸತ್ತಾಗ ಬೆಳಕು ಹರಿಯೋದ್ರೊಳಗೆ ಕಿತ್ತಿದ್ದೆ. ಈಗ ನಿನ್ನ ಒಡಹುಟ್ಟಿದೋನು ಅಂಗಳದಾಗೆ ಕುಂತವ್ನೆ, ಹುಡುಗ್ರು ಹಾಡು ಕೇಳ್ತವೆ. ಪದ್ಧತಿ ಅನ್ನೋದು ಬ್ಯಾರೆಯೋರ ಮನೆ ಹೆಣಕ್ಕೆ ಮಾತ್ರನಾ?"

ಎಲ್ಲರೂ ಮೈಲಾರಿಯ ಕಡೆ ನೋಡಿದರು. ಅವನ ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಅವನು ಅದನ್ನು ಮರೆತಿದ್ದನೆಂದಲ್ಲ. ನೆನಪು ಬಂದಾಗಲೆಲ್ಲ ಮಗಳ ಮುಖ ಅಡ್ಡ ಬಂದು, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದು ಮುಂದೂಡಿದ್ದ. ಈಗ ಮುಂದೂಡಲು ಜಾಗವಿರಲಿಲ್ಲ. ಎದ್ದು ತನ್ನ ಪಡಸಾಲೆಗೆ ಹೋದ.

ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪರದೆಯ ಮೇಲೆ ಒಂದೊಂದು ಮನೆಯ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಯಾರದು ಬೇಕೋ ಅವರದು ಬಿಡಬಹುದು, ಯಾರದು ಬೇಡವೋ ನಿಲ್ಲಿಸಬಹುದು. ಒಂದೊಂದೇ ಚುಕ್ಕೆ ಆರಿಸುತ್ತ ಬಂದ. ಕೊನೆಗೆ ಕಲ್ಲಮ್ಮನ ಹೆಸರು ಉಳಿಯಿತು. ಅಲ್ಲಿ ಅವನ ಕೈ ನಿಂತಿತು. ಇದೊಂದು ಇರಲಿ. ಹಳ್ಳದ ಆಚೆ, ಯಾರಿಗೆ ತಿಳಿಯುತ್ತದೆ? ಮಗಳು ಬಸುರಿ, ದೇವರಂಥ ಡಾಕ್ಟರಮ್ಮ ಅಷ್ಟು ಹೇಳಿದ್ದಾರೆ.

"ಆಯ್ತೇನೋ?" ತಿಮ್ಮೇಶ್ ಬಾಗಿಲಿಗೆ ಬಂದು ಕತ್ತು ಹಾಕಿದ್ದ. ಅವನ ಕಣ್ಣು ಪರದೆಯ ಮೇಲಿತ್ತು.

ತಿಳಿಯದೆ ಏನು? ಇವತ್ತು ಸಂಜೆಯೊಳಗೆ ಪಡ್ಡೆ ಹುಡುಗರೆಲ್ಲ ಕಲ್ಲಮ್ಮನ ಜಗಲಿಯಲ್ಲಿರುತ್ತಾರೆ. ಕಂಡವರ ಮಗನಿಗೆ ಪರೀಕ್ಷೆ ತಪ್ಪಿಸಿದವನು ಸ್ವಂತ ಮಗಳಿಗೆ ಬಿಟ್ಟುಕೊಂಡ ಎಂದು ಹೆಣದ ಮುಂದೆಯೇ ಮಾತು ಬರುತ್ತದೆ. ಹಟ್ಟಿಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಕಲ್ಲತ್ತೆ ಜೊತೆಗಿದ್ದಾಳೆ. ಏನಾದರೂ ಆದರೆ ಓಡಿ ಬರುತ್ತಾಳೆ. ಹೆಣ ಎತ್ತುವವರೆಗೆ ತಾನೇ.

ಮೈಲಾರಿ ಆ ಕೊನೆಯ ಚುಕ್ಕೆ ಆರಿಸುವ ಗೋಜಿಗೂ ಹೋಗಲಿಲ್ಲ. ಗೋಡೆಯ ಸ್ವಿಚ್ಚನ್ನೇ ಒತ್ತಿಬಿಟ್ಟ. ಒಳಗೆ ತಿರುಗುತ್ತಿದ್ದ ಸಣ್ಣ ಫ್ಯಾನು ಗೊರಗುಟ್ಟಿ ನಿಂತಿತು.

"ಆಯ್ತು ನಡಿಯಣ್ಣ" ಎಂದ.

ತಿಮ್ಮೇಶ್ ಅವನ ಹೆಗಲ ಮೇಲೆ ಕೈ ಇಟ್ಟ. ಆ ಕೈಯಲ್ಲಿ ನಿಜವಾದ ಮರುಕವಿತ್ತು, ನಟನೆಯಲ್ಲ. ಇಬ್ಬರೂ ಅಂಗಳಕ್ಕೆ ಬಂದರು. ಹುಡುಗರು ಫೋನುಗಳನ್ನು ಜೇಬಿಗೆ ಹಾಕಿಕೊಂಡು ಬಿದಿರು ಕಡಿಯಲು ಹೊರಟರು. ಒಬ್ಬ ಮುದುಕ "ಪಾಪಣ್ಣ ಪುಣ್ಯವಂತ, ಇಂಥ ತಮ್ಮನ್ನ ಪಡೆದಿದ್ದ" ಎಂದ. ಆ ಸಂಕಟದಲ್ಲೂ ಮೈಲಾರಿಗೆ ಎದೆಯೊಳಗೆ ಸ್ವಲ್ಪ ಹಿತವಾಯಿತು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಅನ್ನುತ್ತಾರೆ. ಗಾದೆ ಗೊತ್ತಿದ್ದವರೇ ಊರಿನ ಮೆಚ್ಚುಗೆಗೆ ಹೆಚ್ಚು ಹಾತೊರೆಯುವುದು.

ಮಧ್ಯಾಹ್ನ ಕಳೆದು ಓಮ್ನಿ ಬಂತು. ಜಗಳೂರಿನ ಮಗಳು ಇಳಿದವಳೇ ಅಪ್ಪನ ಕಾಲ ಮೇಲೆ ಬಿದ್ದಳು. ಅಳು ಮತ್ತೆ ಎದ್ದಿತು. ಹೆಣಕ್ಕೆ ನೀರು ಹಾಕಿ, ಹೊಸ ಬಟ್ಟೆ ಹೊದಿಸಿ, ಚಟ್ಟಕ್ಕೆ ಕಟ್ಟಿದರು. ತಮಟೆ ಶುರುವಾಯಿತು. ಮುಂದಿನ ಬಲಗಡೆಯ ಹೆಗಲು ತಮ್ಮನದು. ಮೈಲಾರಿ ಬಗ್ಗಿ ಬಿದಿರನ್ನು ಹೆಗಲಿಗೆ ಏರಿಸಿಕೊಂಡು ಎದ್ದು ನಿಂತವನು ಎದುರಿಗೆ ನೋಡುತ್ತಾನೆ, ಹೆಂಗಸರ ನಡುವೆ ಕಲ್ಲಮ್ಮ ಕೂತು ಎದೆ ಬಡಿದುಕೊಳ್ಳುತ್ತಿದ್ದಾಳೆ.

ಚಟ್ಟದ ಕೆಳಗಿನಿಂದಲೇ ಕೂಗಿದ.

"ಅತ್ತೇ! ನೀನ್ಯಾಕೆ ಬಂದೆ?"

"ನಾನು ಎತ್ತಿ ಆಡಿಸಿದ ಕೂಸು ಕಣಪ್ಪ, ಕೊನೇ ಸಲ ಮುಖ ನೋಡದೆ ಹೆಂಗೆ ಇರ್ಲಿ? ಮುಟ್ಟಿಬಿಟ್ಟೆ. ಹೆಣ ಮುಟ್ಟಿದ ಮೈಯಾಗೆ ಬಸುರಿ ತಾವ ಹೋಗಬಾರ್ದು, ತಲೆಗೆ ನೀರು ಹಾಕ್ಕಂಡೇ ಹೋಗ್ಬೇಕು. ಹುಡುಗಿ ಆರಾಮಾಗಿ ಮಲಗೈತೆ. ಏನಾದ್ರೂ ಆದ್ರೆ ಫೋನ್ ಮಾಡ್ತೈತೆ ಬಿಡು."

ಫೋನ್ ಮಾಡ್ತೈತೆ! ಮುದುಕಿಗೆ ನೆಟ್ಟು ನಿಲ್ಲಿಸಿದ್ದು ಗೊತ್ತಿಲ್ಲ. ಹೇಳಿದ್ದರೂ ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಮೈಲಾರಿ ಕತ್ತು ಹೊರಳಿಸಿ ಹೆಂಡತಿಯನ್ನು ಹುಡುಕಿದ. "ಕರಿಬಸೀ, ಅರ್ಪಿತಾ ಒಬ್ಳೇ ಅವ್ಳೆ" ಎಂದು ಕೂಗಿದ. ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ತಮಟೆಯ ಸದ್ದಿನಲ್ಲಿ ಗಂಡನ ಬಾಯಿ ಆಡುವುದನ್ನಷ್ಟೇ ಕಂಡಳು. ಅಣ್ಣನಿಗಾಗಿ ಅಳುತ್ತಿದ್ದಾನೆ ಅಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎತ್ತಿದ ಚಟ್ಟವನ್ನು ಇಳಿಸುವಂತಿಲ್ಲ. ಹಿಂದಿನವರು ನೂಕುತ್ತಿದ್ದರು. ಎರಡನೇ ಸಲ ಕೂಗಬಹುದಿತ್ತು, ಯಾರಿಗಾದರೂ ಹೆಗಲು ಕೊಟ್ಟು ಓಡಬಹುದಿತ್ತು. ಒಡಹುಟ್ಟಿದ ಅಣ್ಣನ ಚಟ್ಟ ಬಿಟ್ಟು ಓಡಿದ ಎಂಬ ಮಾತಿಗೆ ಹೆದರಿ ಮೈಲಾರಿ ನಡೆದ. ಮಣ್ಣು ಕೊಟ್ಟ ತಕ್ಷಣ ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ.

ಮಣ್ಣು ಮಾಡುವುದೇನು ಚಿಟಿಕೆ ಹೊಡೆದಷ್ಟು ಬೇಗ ಮುಗಿಯುವ ಕೆಲಸವೇ? ಮಳೆಗೆ ಗುಂಡಿಯಲ್ಲಿ ನೀರು ನಿಂತಿತ್ತು. ಅದನ್ನು ಮೊಗೆದು ಹೊರಗೆ ಚೆಲ್ಲಿದರು. ಕೊನೆಯ ಹಿಡಿ ಮಣ್ಣು ಹಾಕಿದ್ದೇ ಮೈಲಾರಿ ಕಾಲು ತೊಳೆಯಲೂ ನಿಲ್ಲದೆ ಹೊರಟ. ದಾರಿಯಲ್ಲಿ ಮೊದಲು ಸಿಗುವುದು ಅವನ ಮನೆ. ಓಡುತ್ತಲೇ ಒಳಗೆ ನುಗ್ಗಿ ಸ್ವಿಚ್ ಒತ್ತಿದ. ಹಟ್ಟಿಗೆ ನೆಟ್ಟು ಬರಲಿ ಎಂದಲ್ಲ. ಮಗಳಿಗೆ ಫೋನ್ ಮಾಡಿ, ಬರ್ತಾ ಇದೀನಿ ಕಣವ್ವ ಎನ್ನೋಣ ಎಂದು. ಹಳೇ ಕಂಪ್ಯೂಟರು ಹೊರಳಾಡಿ ಎದ್ದು ಕೂರುವಷ್ಟರಲ್ಲಿ ಅವನ ಜೀವ ಹೋಗಿ ಬಂತು.

ಹಸಿರು ಚುಕ್ಕೆಗಳು ಹೊತ್ತಿಕೊಂಡವು. ಅವನು ನಂಬರ್ ಒತ್ತುವ ಮೊದಲೇ ಅಂಗಿಯ ಜೇಬಿನಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿತು. ಅರ್ಪಿತಾ ಕಳಿಸಿದ ವಾಯ್ಸ್ ಮೆಸೇಜುಗಳು. ಯಾವಾಗಲೋ ಆಡಿದ್ದು, ಹೊರಡಲು ದಾರಿಯಿಲ್ಲದೆ ಅವಳ ಫೋನಿನಲ್ಲೇ ಕೂತಿದ್ದು ಈಗ ಬಿಡುಗಡೆಯಾಗಿ ಬಂದಿದ್ದವು.

"ಅಪ್ಪಾ, ಕಲ್ಲಜ್ಜಿ ಈಗ ಬರ್ತೀನಿ ಅಂತ ಹೋದೋಳು ಇನ್ನೂ ಬಂದಿಲ್ಲ. ಹೊಟ್ಟೆ ಕಲ್ಲಿನಂಗೆ ಬಿಗೀತಾ ಐತೆ. ಫೋನ್ ಹೋಗ್ತಿಲ್ಲ. ಅವ್ವನ್ನ ಕಳ್ಸು."

ಎರಡನೆಯದು ಬಹಳ ಚಿಕ್ಕದು. "ಅಪ್ಪಾ, ರಕ್ತ ಹೋಗ್ತೈತೆ ಅಪ್ಪಾ." ಅವಳ ದನಿಯ ಹಿಂದೆ ದೂರದಲ್ಲಿ ತಮಟೆ ಬಡಿಯುತ್ತಿತ್ತು. ಅವಳು ಹೀಗೆ ಕರೆಯುವ ಹೊತ್ತಿಗೆ ತಾನು ಚಟ್ಟ ಹೊತ್ತು ನಡೆಯುತ್ತಿದ್ದೆ ಎಂಬುದು ಮೈಲಾರಿಗೆ ಆ ಸದ್ದಿನಿಂದಲೇ ತಿಳಿಯಿತು. ಅವನ ಬಾಯಿಂದ ಬಂದ ಕೂಗು ಕೇಳಿ ಅಂಗಳ ಸಾರಿಸುತ್ತಿದ್ದ ಹೆಂಗಸರೆಲ್ಲ ಓಡಿ ಬಂದರು.

ಹಳ್ಳ ದಾಟಿ ಹೋದಾಗ ಅರ್ಪಿತಾ ಹೊಸಿಲಿನ ಒಳಗೆ ಬಿದ್ದಿದ್ದಳು. ಉಸಿರಿತ್ತು. ಕೆಳಗೆ ಹಾಸಿದ್ದ ಗೋಣಿ ರಕ್ತಕ್ಕೆ ಒದ್ದೆಯಾಗಿ ನೆಲಕ್ಕೆ ಅಂಟಿತ್ತು. ಫೋನನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ತಿಮ್ಮೇಶನೇ ಅವಳನ್ನು ಎತ್ತಿಕೊಂಡು, ಮೊಣಕಾಲುದ್ದ ಹಳ್ಳದ ನೀರಿನಲ್ಲಿ ನಡೆದು ಓಮ್ನಿಗೆ ತಂದು ಮಲಗಿಸಿದ. ದುರುಗೇಶ್ ಅಪ್ಪನಿಗೆ ಮಣ್ಣು ಕೊಟ್ಟ ಒದ್ದೆ ಬಟ್ಟೆಯಲ್ಲೇ ಗಾಡಿ ಓಡಿಸಿದ. ಚನ್ನಗಿರಿಯಲ್ಲಿ ನೋಡಿ ದಾವಣಗೆರೆಗೆ ಹೋಗಿ ಎಂದರು. ದಾವಣಗೆರೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಒಬ್ಬ ಡಾಕ್ಟರು ಹೊರಗೆ ಬಂದು, ತಾಯಿ ಉಳಿದಿದ್ದಾಳೆ, ಮಗು ಹೊಟ್ಟೆಯಲ್ಲೇ ಹೋಗಿತ್ತು, ಗರ್ಭಕೋಶ ತೆಗೆಯದೆ ಬೇರೆ ದಾರಿ ಇರಲಿಲ್ಲ ಎಂದರು. ಹೆಣ್ಣುಮಗು. ಮೈಲಾರಿ ಅದನ್ನು ಟವೆಲ್ಲಿನಲ್ಲಿ ಸುತ್ತಿಸಿಕೊಂಡು ಬಂದು ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಿದ.

ಹಟ್ಟಿಯವರು ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. "ಹಣೆಬರಹ ಕಣಪ್ಪ" ಎಂದರು, "ನೀನೇನು ಬೇಕಂತ ಮಾಡಿದ್ಯಾ" ಎಂದರು. ತಿಮ್ಮೇಶ್ ಜಗಲಿಯ ಮೇಲೆ ಕೂತು ಕೈಯಿಂದ ಹಣೆ ಹಣೆ ಚಚ್ಚಿಕೊಂಡು, "ನನ್ನ ನಾಲಿಗೆ ಸೇದಿಹೋಗಾ, ನಾನ್ಯಾಕೆ ಆಡಿದ್ನೋ" ಎಂದು ಅತ್ತ. ಕಲ್ಲಮ್ಮ ಊಟ ಬಿಟ್ಟಳು. ಗೋವಿನಕೋವಿಯ ಅಳಿಯ ಬಂದು, ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿದಾಗ ಹಟ್ಟಿಗೆ ಹಟ್ಟಿಯೇ ಒಂದೇ ಬಾಯಲ್ಲಿ "ಅವತ್ತು ಕರೆಂಟ್ ಇರ್ಲಿಲ್ಲ, ಮಳೆ ನೋಡಿ" ಎಂದುಬಿಟ್ಟಿತು. ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿಲ್ಲ. ಹಾಗೆಯೇ ಬಂದುಬಿಟ್ಟಿತು ಆ ಸುಳ್ಳು.

ಕರಿಬಸಮ್ಮ ಮಾತ್ರ ಗಂಡನ ಜೊತೆ ಮಾತು ಬಿಟ್ಟಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ಮಗಳು ಕಣ್ಣು ಬಿಟ್ಟು ಗಂಜಿ ಕುಡಿಯುವಂತಾದ ದಿನ, ಮೊದಲ ಸಲ ಅವನ ಎದುರು ಬಂದು ನಿಂತಳು.

"ಒಳಗೆ ಹೋಗ್ರಿ. ಕೇಳಿದ್ರೆ ಕರೆಂಟ್ ಹೋಗಿತ್ತು ಅನ್ರಿ. ಇನ್ನೊಂದು ನೋವು ಕೊಡಬ್ಯಾಡ್ರಿ ನನ್ನ ಮಗಳಿಗೆ. ಎಲ್ರೂ ಹಂಗೇ ಹೇಳೀವಿ."

"ಹ್ಞೂಂ" ಎಂದ ಮೈಲಾರಿ. ಎದುರಿಗೆ ಹೋಗುವ ಧೈರ್ಯವಿಲ್ಲದೆ ಅಷ್ಟು ದಿನ ವರಾಂಡದಲ್ಲೇ ಬಿದ್ದುಕೊಂಡಿದ್ದವನಿಗೆ ಆ ಸುಳ್ಳೇ ಊರುಗೋಲಾಯಿತು.

ಅರ್ಪಿತಾ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅಪ್ಪನನ್ನು ಕಂಡು ಮಂಚದ ಅಂಚಿಗೆ ಸರಿದು ಜಾಗ ಮಾಡಿದಳು. ಅವನು ಕೂರಲಿಲ್ಲ.

"ಎಲ್ಲಿ ಕಟ್ಟಾಗಿತ್ತಪ್ಪ ಲೈನು?"

"ಕಟ್ಟಾಗಿರ್ಲಿಲ್ಲ ಕಣವ್ವ. ಕರೆಂಟ್ ಹೋಗಿತ್ತು."

ಅವಳು ಅವನನ್ನೇ ನೋಡಿದಳು. ಬೈಯುವ ನೋಟವಲ್ಲ ಅದು, ಲೆಕ್ಕ ತಾಳೆಯಾಗದ ಹುಡುಗಿಯ ನೋಟ.

"ಇಲ್ಲಪ್ಪ. ಫ್ಯಾನ್ ತಿರುಗ್ತಾನೇ ಇತ್ತಲ್ಲ. ನಾ ಬಿದ್ಕಂಡು ಅದನ್ನೇ ನೋಡ್ತಿದ್ದೆ."

ಕರಿಬಸಮ್ಮ ಬಾಗಿಲಲ್ಲಿ ನಿಂತು ಬೇಡ ಎಂದು ತಲೆಯಾಡಿಸುತ್ತಿದ್ದಳು. ಇನ್ನೊಂದು ಸುಳ್ಳು ಹುಡುಕಬಹುದಿತ್ತೇನೋ, ಅವನ ಕೈಲಾಗಲಿಲ್ಲ.

"ನಾನೇ ನಿಲ್ಸಿದ್ದೆ. ನಿಮ್ಮ ದೊಡ್ಡಪ್ಪನ ಹೆಣ ಇತ್ತಲ್ಲ. ಯಾವಾಗ್ಲೂ ನಿಲ್ಸ್ತೀವಲ್ಲ."

"ಎಲ್ರದೂ?"

"ಎಲ್ರದೂ."

"ಕಲ್ಲಜ್ಜಿ ಮನೇದೊಂದು ಬಿಡಾಕೆ ಬರ್ತಿರ್ಲಿಲ್ವಾ?"

"ಬರ್ತಿತ್ತು" ಎಂದ ಮೈಲಾರಿ. "ಜನ ಏನಂತಾರೋ ಅಂತ ಬಿಡ್ಲಿಲ್ಲ ಕಣವ್ವ."

ಅರ್ಪಿತಾ ಅಳಲಿಲ್ಲ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಡಿಸುತ್ತ ಕೂತಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಮೆಲ್ಲಗೆ ಅಂದಳು:

"ಮೊದ್ಲು ಹೊಟ್ಟೆ ಬಿಗಿ ಬಂದಾಗ ನಡೆಯಾಕೆ ಆಗ್ತಿತ್ತಪ್ಪ ನನಗೆ. ಹಳ್ಳ ದಾಟಿ ಬಂದುಬಿಡಾಣ ಅಂತ ಎದ್ದಿದ್ದೆ. ಆಮ್ಯಾಕೆ, ನಾನಿರೋ ಮನೇದು ಅಪ್ಪ ನಿಲ್ಸಿರಲ್ಲ, ಲೈನೇ ಕಟ್ಟಾಗೈತೆ, ನೆಟ್ಟು ಹೋದ್ರೆ ಅಪ್ಪ ಸುಮ್ನೆ ಕೂರಲ್ಲ, ವೈರು ನೋಡ್ಕಂತ ಕೊನೇ ಮನೆ ತನಕ ಬಂದೇ ಬರ್ತಾನೆ ಅಂತ ಬಾಗ್ಲು ತೆಗೆದಿಟ್ಟು ಕಾಯ್ತಾ ಕುಂತೆ."